ಬಟಾಟಿಯಲ್ಲಿ ತಟ್ಟಿದ ಪಿಜ್ಜಾ

ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದ ಮರುದಿನವೇ ಕೆಳಗಿನ ಮನೆಯ ಒಡತಿ ಸರೋಜಮ್ಮ ಬಾಗಿಲಲ್ಲಿ ನಿಂತು, “ಬೆಳಗ್ಗೆಯಿಂದ ಅದೇನ್ರೀ ಬಡೀತಿದೀರಾ? ನಮ್ಮನೆಯವ್ರಿಗೆ ಹಾರ್ಟ್ ಪ್ರಾಬ್ಲಮ್ಮು” ಅಂದರು. ನಾನು ಬಡಿಯುತ್ತಿದ್ದದ್ದು ಜೋಳದ ರೊಟ್ಟಿ. ನಮ್ಮ ವಿಜಾಪುರದಲ್ಲಿ ಆ ಸದ್ದು ಕೇಳಿಸದಿದ್ದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ಎಂದು ಪಕ್ಕದವರು ವಿಚಾರಿಸಲು ಬರುತ್ತಾರೆ. ಇಲ್ಲಿ ಕೇಳಿಸಿದ್ದಕ್ಕೇ ಬಂದರು.

ಅಂದಿನಿಂದ ಚಪಾತಿ. ಲಟ್ಟಿಸಿದರೆ ಸದ್ದಿಲ್ಲ.

ಆಗಿನ್ನೂ ಎರಡು ಸಾವಿರದ ಇಸವಿ ದಾಟಿದ ಹೊಸತು. ಗಂಡ ಬಸವರಾಜ ಜಯನಗರದ ಆಫೀಸಿಗೆ ಹೋದರೆ ಸಂಜೆಯವರೆಗೂ ನಾನೊಬ್ಬಳೇ. ಅಂಗಡಿಯಲ್ಲಿ ‘ಬಟಾಟಿ’ ಎಂದರೆ ಮುಖ ನೋಡುತ್ತಿದ್ದರು; ಇಲ್ಲಿ ಅದು ಆಲೂಗಡ್ಡೆ. ಈ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಪಿಜ್ಜಾ. ಎಳೆಎಳೆಯಾಗಿ ಜಗ್ಗುವ ಚೀಸ್ ಕಂಡು ಇಬ್ಬರೂ ನಕ್ಕಿದ್ದೆವು. ಆಗ ನಾನು ಬಸುರಿ.

ಉಂಡದ್ದು ಮೈಗೆ ಹತ್ತಲಿಲ್ಲ. ಸೊರಗುತ್ತಾ ಹೋದೆ. ಏಳನೇ ತಿಂಗಳಲ್ಲಿ ಹುಟ್ಟಿದ ಹೆಣ್ಣುಕೂಸು ಅಳಲೇ ಇಲ್ಲ.

ಬಹಳ ಕಾಲದ ಮೇಲೆ ಡಾಕ್ಟರೊಬ್ಬರು ಪರೀಕ್ಷೆ ಮಾಡಿಸಿ, “ಗೋಧಿ ನಿಮಗೆ ಆಗಲ್ಲಮ್ಮ. ಅದರಲ್ಲಿರೋ ಗ್ಲುಟೆನ್ ಕರುಳನ್ನ ಹಾಳು ಮಾಡ್ತಿದೆ. ಮೈದಾ, ರವೆ ಯಾವುದೂ ಬೇಡ” ಅಂದರು.

“ಕೂಸು ಹೋದದ್ದೂ ಅದಕ್ಕೇ ಏನ್ರಿ?”

“ಇರಬಹುದು. ಇಲ್ದೇನೂ ಇರಬಹುದು.”

ಸುದ್ದಿ ತಿಳಿದ ಸರೋಜಮ್ಮ ಮೇಲೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರು. “ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ...” ನಿಮ್ಮ ತಪ್ಪಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ತಪ್ಪು ಎನ್ನಲೂ ಬರಲಿಲ್ಲ. ಮತ್ತೆ ರೊಟ್ಟಿ ಬಡಿಯತೊಡಗಿದೆ, ಉಣ್ಣಲು ಮನಸ್ಸಿರಲಿಲ್ಲ.

ಒಂದು ಭಾನುವಾರ ಬಸವರಾಜ ಚೀಲ ತುಂಬ ಆಲೂಗಡ್ಡೆ ತಂದರು. “ಪಿಜ್ಜಾ ಮಾಡೂನು. ಗೋಧಿ ಇಲ್ಲದ್ದು.”

ಅವರೇ ಹಸಿಯದನ್ನು ತುರಿದು, ಬಟ್ಟೆಯಲ್ಲಿ ಹಿಂಡಿ ಹಂಚಿಗೆ ಹಾಕಿದರೆ ತಳಕ್ಕೆ ಅಂಟಿ ಮುದ್ದೆಯಾಯಿತು. ಅವರ ಮುಖ ನೋಡಲಾಗದೆ ನಾನೇ ಎದ್ದೆ. ಬೇಯಿಸಿ ನುಣ್ಣಗೆ ಹಿಸುಕಿದೆ. ಮೆಕ್ಕೆಜೋಳದ ಹಿಟ್ಟು, ಉಪ್ಪು, ಎಣ್ಣೆ ಸೇರಿಸಿ ನಾದಿ, ಒದ್ದೆ ಬಟ್ಟೆಯ ಮೇಲೆ ತೆಳ್ಳಗೆ ತಟ್ಟಿ ಎರಡೂ ಬದಿ ಸಣ್ಣ ಉರಿಯಲ್ಲಿ ಸುಟ್ಟೆ. ಟೊಮ್ಯಾಟೊ, ಈರುಳ್ಳಿ, ಚೀಸ್ ಹರಡಿ ಮುಚ್ಚಳ ಮುಚ್ಚಿದೆ. ಅಂಚು ಗರಿಗರಿ, ನಡುವೆ ಮೆತ್ತಗೆ.

ಸರೋಜಮ್ಮನನ್ನು ನಾನೇ ಕೂಗಿ ಕರೆದೆ. ಅಂಜುತ್ತಲೇ ಬಂದವರು ತುಂಡು ಬಾಯಿಗಿಟ್ಟು, “ಸಖತ್ತಾಗಿದೆ ಕಣಮ್ಮ” ಎಂದು ನನ್ನ ಕೈ ಹಿಡಿದರು. ಬಿಡಿಸಿಕೊಳ್ಳಲಿಲ್ಲ. ಬಸವರಾಜ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಮರುವರ್ಷ ವಿಜಾಪುರಕ್ಕೇ ವರ್ಗವಾಗುವ ಅವಕಾಶ ಬಂತು. ಅವ್ವ ಫೋನಿನಲ್ಲಿ, “ಹೊಳ್ಳಿ ಬಾರವ್ವ. ಇಲ್ಲಿ ನಿನ್ನ ಮಂದಿ ಅದಾರ. ಆ ಊರಾಗ ನಿಂದೇನೈತಿ?” ಅಂದಳು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹೊಸಕೆರೆಹಳ್ಳಿ ಕಡೆಯ ರುದ್ರಭೂಮಿಯಲ್ಲಿ, ಗೋಡೆಯ ಪಕ್ಕ, ಕಲ್ಲು ಕೂಡ ಇಲ್ಲದ ಆ ಜಾಗ ನಮ್ಮಿಬ್ಬರಿಗೇ ಗೊತ್ತು.

“ಕೂಸೈತವ್ವ” ಎಂದೆ.

ನಾವು ಹೋಗಲಿಲ್ಲ. ನಿಮ್ಮೂರು ಯಾವುದೆಂದು ಕೇಳಿದವರಿಗೆ ಇಂದಿಗೂ ವಿಜಾಪುರ ಎನ್ನುತ್ತೇನೆ. ರಜೆಗೆ ಅಲ್ಲಿಗೆ ಹೋದಾಗ ಮಾತ್ರ, ಮಗಳನ್ನು ಒಬ್ಬಳನ್ನೇ ಬಿಟ್ಟು ಬಂದೆನಲ್ಲ ಎಂದು ಜೀವ ಚಡಪಡಿಸುತ್ತದೆ.