ಅಜ್ಜಿ ಬೇಡವೆಂದ ಪರಸಿ

ಹೈದರಾಬಾದಿನ ನಮ್ಮ ಮೊಹಲ್ಲಾವನ್ನು ಒಬ್ಬ ನವಾಬರು ಕಟ್ಟಿಸಿದರೆಂದು ಈಗಿನವರು ಹೇಳುತ್ತಾರೆ. ಆಡುವವರ ಬಾಯಿ ಹಿಡಿಯಲಾದೀತೆ? ನವಾಬರು ಕಟ್ಟಿಸಿದ್ದು ತಮ್ಮ ಹವೇಲಿ. ಅದರ ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು ಬೇಕಾಗಿತ್ತು. ಕಲ್ಲಿನ ಬೆನ್ನಿಗೇ ಅದನ್ನು ಹಾಸುವ ನಾವೂ ವಾಡಿಯಲ್ಲಿ ರೈಲು ಬದಲಿಸಿ ಬಂದೆವು, ಹವೇಲಿಯ ಹಿಂದಿನ ಬಂಜರಿನಲ್ಲಿ ಗುಡಿಸಲು ಹಾಕಿಕೊಂಡೆವು. ಇತಿಹಾಸ ಇಷ್ಟೇ. ಉಳಿದದ್ದು ನಮ್ಮ ಅಜ್ಜಿಯದು.

ಅಜ್ಜಿ ಅಂದರೆ ಅಪ್ಪನ ತಾಯಿ. ನಮ್ಮೂರು ತೆಂಗಳಿಯ ಹೊಲದಲ್ಲಿ ಅಜ್ಜನ ಸಮಾಧಿ ಇತ್ತು, ಪಕ್ಕದಲ್ಲಿ ಅವಳಿಗೂ ಜಾಗವಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸದೆ, ಕುಳಿತಂತೆ ಕೂಡಿಸಿ ಹೂಳುತ್ತಾರೆ. ತನ್ನನ್ನು ಅಲ್ಲೇ ಕೂಡಿಸಬೇಕೆಂಬುದು ಅವಳ ಒಂದೇ ಹಟ. ಊರಿಗೆ ಹೋಗುವಾಗ ಉಡಲು ಒಂದು ಇಳಕಲ್ ಸೀರೆಯನ್ನು ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದ್ದಳು.

ಅಪ್ಪ ಮಂದಿಗೆಲ್ಲ ನೆಲ ಹಾಸುತ್ತಿದ್ದ. ನಾವು ಮಣ್ಣಿನ ಮೇಲೆ ಚೇಳುಗಳ ಜೊತೆ ಮಲಗುತ್ತಿದ್ದೆವು. ಒಡೆದ ಕಲ್ಲಾದರೂ ಹಾಸಿಕೊಡಿ ಎಂದು ಅವ್ವ ಗೋಗರೆದಳು. ಅಜ್ಜಿ ಬಿಡಲಿಲ್ಲ, ಅಪ್ಪನಿಗೆ ಹೇಳಿದಳು:

"ಏ ತಮ್ಮಾ, ಪರಸಿ ಹಾಸಿದ್ರ ಮುಗೀತು, ಇಲ್ಲೇ ಠಿಕಾಣಿ ಹೂಡಿದಂಗ. ಎಳ್ಳಮಾಸಿಗಿ ಊರಿಗಿ ಹೊಂಟೀವಿ."

"ಯಾವ ಎಳ್ಳಮಾಸಿಗ್ರಿ ಅತ್ತಿ?" ಎಂದು ಅವ್ವ ಕೇಳಿದಳು.

"ಬರೋ ಎಳ್ಳಮಾಸಿಗಿ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ವರ್ಷ ವರ್ಷ ಬರುತ್ತಿತ್ತು, ಹೋಗುತ್ತಿತ್ತು. ಒಬ್ಬರ ನೆಲ ಕಂಡರೆ ಇನ್ನೊಬ್ಬ ದೊಡ್ಡವರಿಗೂ ಅಂಥದ್ದೇ ಬೇಕೆಂದು ಕಾಲು ತುರಿಸುತ್ತಿತ್ತು, ಹೀಗಾಗಿ ಕೆಲಸ ಮುಗಿಯಲಿಲ್ಲ. ಚಿತ್ತಾಪುರ, ಸೇಡಂ ಕಡೆಯಿಂದಲೂ ಮಂದಿ ಬಂದರು. ಅವರಿಗೂ ಅಜ್ಜಿ ಅದನ್ನೇ ಹೇಳಿದಳು. ಹಿರಿಯಳೆಂದು ಎಲ್ಲರೂ ಕೇಳಿದರು. ಆ ಭಾಗದಲ್ಲಿ ಪರಸಿಯಿಲ್ಲದ ಓಣಿ ಒಂದಿದ್ದರೆ ಅದು ಪರಸಿ ಹಾಸುವವರದು.

ಒಂದು ಬಿರುಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಅಪ್ಪ ಸ್ಟೇಷನ್ನಿಗೆ ಓಡಿದ. ರೈಲಿನವರು ಹೆಣ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಎತ್ತಿನ ಗಾಡಿಗೆ ದಾರಿ ಭಾಳ ದೂರ, ಆ ಬಿಸಿಲಿಗೆ ಹೆಣ ತಡೆಯುವುದಿಲ್ಲ. ಅಪ್ಪ ಹೊಸ್ತಿಲ ಮೇಲೆ ಕುಳಿತು ಗಟ್ಟಿಯಾಗಿ ಅತ್ತ. ಅಪ್ಪ ಅಳುವುದನ್ನು ನಾನು ಎಂದೂ ನೋಡಿರಲಿಲ್ಲ, ಭಯವಾಯಿತು. ಅವ್ವ ಗಂಟು ಬಿಚ್ಚಿ, ಊರಿಗೆ ಹೋಗುವ ಸೀರೆಯನ್ನೇ ಅಜ್ಜಿಗೆ ಉಡಿಸಿದಳು. ಗುಡಿಸಲ ಹಿಂದೆಯೇ ಅಜ್ಜಿಯನ್ನು ಕೂಡಿಸಿದರು.

ಮಣ್ಣು ಕುಸಿಯಬಾರದೆಂದು ಅಪ್ಪ ಮೇಲೊಂದು ಕಲ್ಲು ಹಾಸಿದ. ದಾರ ಹಿಡಿದು ಮತ್ತೆ ಮತ್ತೆ ಮಟ್ಟ ನೋಡಿದ. ನವಾಬರಿಗೂ ಅಷ್ಟು ನೋಡಿರಲಿಲ್ಲ. ನಮ್ಮ ಓಣಿಯ ಮೊದಲ ಪರಸಿ ಅದು.

"ಇನ್ನ ಒಳಗೂ ಹಾಸ್ರಿ," ಎಂದಳು ಅವ್ವ. "ಅತ್ತಿನ್ನ ಇಲ್ಲಿ ಬಿಟ್ಟು ಎಲ್ಲಿಗಿ ಹೋಗೋದದ?"

ಅಪ್ಪ ಒಳಗೂ ಹಾಸಿದ. ಓಣಿಯವರೆಲ್ಲ ಹಾಸಿಕೊಂಡರು. ನೆಲ ಬಂದ ಮೇಲೆ ಗೋಡೆಗಳೂ ಬಂದವು.

ಆ ವರ್ಷದ ಎಳ್ಳಮಾಸಿಗೆ ಅವ್ವ ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಮಾಡಿದಳು. ಊರಲ್ಲಾಗಿದ್ದರೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಬೆಳೆಯ ಸುತ್ತ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಉಣ್ಣುತ್ತಿದ್ದೆವು. ಇಲ್ಲಿ ನಮಗೆ ಹೊಲವಿರಲಿಲ್ಲ. ಅಪ್ಪ ಅಜ್ಜಿಯ ಕಲ್ಲಿನ ಸುತ್ತ ಚರಗ ಚೆಲ್ಲಿದ. ನಾವು ಅದರ ಪಕ್ಕದಲ್ಲಿ ಕುಳಿತು ಉಂಡೆವು.