ಕೆಂಪಿಯ ಕೊಂಬಿನ ಗೆರೆ

ಮೊನ್ನೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಮೊಮ್ಮಗಳು ದಪ್ಪನೆಯ ಚಿತ್ರಪುಸ್ತಕವೊಂದನ್ನು ತಂದು ಮೊರದ ಮೇಲೇ ಹರವಿದಳು. ಪುಟದ ತುಂಬ ಕೊಂಬಿನ ಡೈನೋಸಾರುಗಳ ತಲೆಬುರುಡೆ, ಮರಿಯಿಂದ ಮುದಿಯವರೆಗೆ ಸಾಲಾಗಿ. ಮರಿಗೆ ಮೊಳಕೆಯಂಥ ಕೊಂಬು, ಹರೆಯದಲ್ಲಿ ಅದು ಹಿಂದಕ್ಕೆ ಬಾಗುತ್ತದೆ, ಬಲಿತ ಮೇಲೆ ಮುಂದಕ್ಕೆ. ಮೊದಮೊದಲು ಇಂಥವನ್ನೆಲ್ಲ ಬೇರೆ ಬೇರೆ ಜಾತಿ ಎಂದೇ ಪಂಡಿತರು ಹೆಸರಿಟ್ಟಿದ್ದರಂತೆ. ನನಗೆ ನಗು ಬಂತು. ಮದುವೆ ಫೋಟೋದಲ್ಲಿರುವ ನನ್ನನ್ನೂ ಈಗಿನ ನನ್ನನ್ನೂ ಪಕ್ಕಪಕ್ಕ ಇಟ್ಟರೆ ಇನ್ನೇನು ಹೆಸರಿಡುತ್ತಿದ್ದರೋ! ಇವುಗಳ ಮುತ್ತಾತನಿಗೆ ಕೊಂಬೇ ಇರಲಿಲ್ಲ, ಕುರಿಯಷ್ಟು ಮೈ, ಗಿಳಿಯ ಮೂತಿ ಎಂದಳು. ಬಂಡೆಯ ಪದರದಿಂದ ಪದರಕ್ಕೆ ಹುಡುಕಿಕೊಂಡು ಹೋಗಿ ತಿಳಿದದ್ದಂತೆ.

ನನಗೋ, ಕೊಂಬು ಎಂದರೆ ಜಗಳೂರಿನ ಕೆಂಪಿ. ಎಪ್ಪತ್ತರ ದಶಕದಲ್ಲಿ ನಾನು ನ್ಯಾಮತಿಯಿಂದ ಸೊಸೆಯಾಗಿ ಹೋದಾಗ ಕೊಟ್ಟಿಗೆಯಲ್ಲಿದ್ದ ಹಸು. ಹಸು ಈದಾಗಲೆಲ್ಲ ಕೊಂಬಿನ ಬುಡದಲ್ಲಿ ಉಂಗುರದಂಥ ಗೆರೆ ಮೂಡುತ್ತದೆ, ನೋಡಿದ್ದೀರಲ್ಲ? ಅತ್ತೆ ನನ್ನ ಬೆರಳು ಹಿಡಿದು ಮುಟ್ಟಿಸಿದ್ದರು. "ಇದು ಮೊದಲ್ನೇ ಕರುವಿಂದು. ಇದು ನಮ್ಮ ಗೌರಿ ಹೋದ ವರ್ಷದ್ದು ನೋಡವ್ವ." ಗೌರಿ ಅವರ ಕಿರಿಮಗಳು, ಜ್ವರದಲ್ಲಿ ತೀರಿಕೊಂಡ ಕೂಸು. ದಿನಾ ಹಾಲು ಕರೆದು ಏಳುವಾಗ ಅತ್ತೆಯ ಹೆಬ್ಬೆರಳು ಆ ಗೆರೆಯ ಮೇಲೆ ಒಮ್ಮೆ ಹಾದುಬರುತ್ತಿತ್ತು.

ಒಂದು ಕಾರಹುಣ್ಣಿಮೆಗೆ ಎತ್ತುಗಳ ಕೊಂಬು ಹೆರೆಸುವಾಗ ಮಾವನವರು ಪ್ರೀತಿ ಉಕ್ಕಿ ಕೆಂಪಿಯದನ್ನೂ ಹೆರೆಸಿ, ಎಣ್ಣೆ ಹಚ್ಚಿಸಿ, ಹೆಂಡತಿಯನ್ನು ಕರೆದರು.

"ಹೆಂಗೈತೆ?"

ಕೊಂಬು ಗಾಜಿನಂತೆ ನುಣ್ಣಗಿತ್ತು. ಅತ್ತೆ ಒಮ್ಮೆ ಸವರಿದರು.

"ಚೆಂದ ಐತೆ ಬಿಡ್ರಿ."

ಒಳಗೆ ಬಂದು ಹೋಳಿಗೆಯ ಕಣಕ ನಾದುತ್ತ ನನಗೊಬ್ಬಳಿಗೇ ಹೇಳಿದರು: "ಕೂಸಿಂದು ಒಂದು ಫೋಟೋನೂ ತೆಗೆಸಿರ್ಲಿಲ್ಲ ಕಣವ್ವ. ಅದೊಂದು ಗೆರೆ ಇತ್ತು." ಕೆಂಪಿ ಹೋಯಿತು, ಆಮೇಲೆ ಅತ್ತೆಯೂ ಹೋದರು.

"ಅಜ್ಜಿ, ಕೇಳ್ತಿದೀಯಾ?" ಮೊಮ್ಮಗಳು ಪುಟ ತಿರುವಿದಳು. ಕೊಂಬಿನ ಹೊರಗಿನ ಕವಚ ಸಾಮಾನ್ಯವಾಗಿ ಕೊಳೆತುಹೋಗುತ್ತದಂತೆ. ಹಾಗಾಗಿ ವಿಜ್ಞಾನಿಗಳು ಕಲ್ಲಾದ ಮೂಳೆಯನ್ನೇ ಬೆಳಕು ತೂರುವಷ್ಟು ತೆಳ್ಳಗೆ ಸೀಳಿ, ಉಜ್ಜಿ, ನೋಡುತ್ತಾರೆ. ಒಳಗೆ ಗೆರೆಗಳಿರುತ್ತವೆ. ಬೆಳವಣಿಗೆ ವರ್ಷಕ್ಕೊಮ್ಮೆ ನಿಂತು ಮುಂದುವರಿದ ಗುರುತು ಅವು. ಕೋಟಿಗಟ್ಟಲೆ ವರ್ಷ ಮಣ್ಣಿನಲ್ಲಿದ್ದರೂ ಅಳಿಸಿಲ್ಲ!

"ಹಸುವಿಗೂ ಇರ್ತಾವೇನೇ?"

"ಇರ್ತವೆ ಅಜ್ಜಿ, ಕಾಲಿನ ಮೂಳೇಲಿ."

ಕೆಂಪಿಯನ್ನು ಹೂತದ್ದು ಹಿತ್ತಲಿನ ಬೇವಿನ ಬುಡದಲ್ಲಿ. ಮೊರವನ್ನು ಪಕ್ಕಕ್ಕಿಟ್ಟೆ. ಅತ್ತೆ, ನಿಮ್ಮ ಗೌರಿಯ ವರ್ಷ ಎಲ್ಲೂ ಹೋಗಿಲ್ಲ ರೀ. ಒಳಗೇ ಐತೆ.