ವಿಭೂತಿ ಹತ್ತದ ಕಿಟಕಿ

ಬಡಿಗೇರ ಮೌನಪ್ಪ ಮತ್ತೆ ಮತ್ತೆ ಹಚ್ಚಿದ ಒದ್ದೆ ವಿಭೂತಿ ಕಿಟಕಿಯ ಚೌಕಟ್ಟಿನಿಂದ ಜಾರಿ ಅವನ ಮುಂಗೈ ಮೇಲೆಯೇ ಇಳಿಯಿತು.

ತೊಂಬತ್ತರ ದಶಕದ ಕೊನೆ. ಸಿಂಧನೂರಿನಲ್ಲಿ ಕಟ್ಟುತ್ತಿದ್ದ ನಮ್ಮ ಮನೆಗೆ ನನ್ನ ಗಂಡ ಹೈದರಾಬಾದಿನಿಂದ ಬಿಳಿ ಪ್ಲಾಸ್ಟಿಕ್ ಕಿಟಕಿಗಳನ್ನು ತರಿಸಿದ್ದರು. ಮಸ್ಕಿಯ ನನ್ನ ತವರಿನ ಬಾಗಿಲು, ಕಿಟಕಿಗಳನ್ನೆಲ್ಲ ಮಾಡಿದವನು ಮೌನಪ್ಪ. ಚೌಕಟ್ಟು ನಿಲ್ಲಿಸುವಾಗ ಬಡಿಗೇರನೇ ಪೂಜೆ ಮಾಡಬೇಕೆಂದು ಅತ್ತೆ ಅವನನ್ನು ಕರೆಸಿದ್ದರು. ಕರೆ ಬಂದಿದೆ ಎಂದರೆ ಕೆಲಸವೂ ಇದೆ ಎಂದುಕೊಂಡು ಅವನು ಉಳಿ, ಬಾಚಿಗಳ ಚೀಲ ಹೊತ್ತೇ ಬಂದಿದ್ದ.

"ಕಟಗಿ ಆಗಿದ್ರ ನೀರು ಕುಡದು ವಿಭೂತಿ ಹಿಡ್ಕೊಂತಿತ್ರೀ ಅಕ್ಕಾ. ಇದಕ್ಕ ಏನೂ ಹತ್ತವಲ್ದು," ಎಂದು ಕೈ ಒರೆಸಿಕೊಂಡ.

ಅತ್ತೆ ರೂಢಿಯಂತೆ ಧೋತರ, ಟವಲಿನ ಉಡುಗೊರೆಯಾದ ಆಯಾರ ಕೊಡಲು ಹೋದರು. ಅವನು ಕೈ ಚಾಚಲಿಲ್ಲ.

"ಆಯಾರ ಕೆಲಸ ಮಾಡಿದವ್ರಿಗೆ ಕೊಡೋದ್ರೀ ಅವ್ವಾ. ನಾ ಏನ್ ಮಾಡೀನಿ?"

ಬಿಚ್ಚದ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಆ ಕಿಟಕಿಗಳು ಮಳೆಗೆ ಉಬ್ಬಲಿಲ್ಲ, ಅವಕ್ಕೆ ಗೆದ್ದಲು ಹತ್ತಲಿಲ್ಲ. ರಿಪೇರಿಯ ನೆಪದಲ್ಲಾದರೂ ಮೌನಪ್ಪನನ್ನು ಇನ್ನೊಮ್ಮೆ ಕರೆಸುವ ಪ್ರಸಂಗ ನಮಗೆ ಬರಲೇ ಇಲ್ಲ.